ಕನಸಿಗೆ ಯಾರಾದರೂ ಸಾಯ್ತಾರಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಚೀನಾದ ಹಳೆಯ ಕಾದಂಬರಿ 'ಕೆಂಪು ಮಹಲಿನ ಕನಸು' ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಪ್ರೀತಿಗಾಗಿ ಸತ್ತ ಹುಡುಗಿಯರ ಕಥೆ ಅಂತ ಇದನ್ನು ಓದಬೇಡಿ, ಮನೆಯ ಲೆಕ್ಕದ ಪುಸ್ತಕ ಅಂತ ಓದಿ ಎಂದೂ ಸೇರಿಸಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬಂದಿವೆ. ಜಗಳ ತೆಗೆದವರೇ ಜಾಸ್ತಿ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಅಕ್ಕಾರ, ನೀವು ಏನೇ ಹೇಳಿ. ಈ ಕಥೆಗಳಲ್ಲಿ ಹುಡುಗಿ ಒಬ್ಬನನ್ನು ನೋಡ್ತಾಳೆ, ಕೆಮ್ಮಲಿಕ್ಕೆ ಶುರು ಮಾಡ್ತಾಳೆ, ಸತ್ತೇ ಹೋಗ್ತಾಳೆ. ಒಬ್ಬಳಂತೂ ಹುಡುಗನನ್ನು ನೋಡೇ ಇಲ್ಲ, ಬರೀ ಕನಸು ಕಂಡು ಸಾಯ್ತಾಳಂತೆ. ಹೀಗೆ ಯಾರಾದರೂ ಸಾಯ್ತಾರಾ? ಇದು ಸುಮ್ನೆ ಅಳಿಸೋ ಕಥೆ ಅಲ್ವಾ?
(ಬಿ.ಎ. ವಿದ್ಯಾರ್ಥಿನಿ, ಗದಗ)

ತಂಗಿ, ನಿನ್ನ ಪ್ರಶ್ನೆಯನ್ನು ನಾನೂರು ವರ್ಷದ ಹಿಂದೆಯೇ ಪಾತಾಳದ ನ್ಯಾಯಾಧೀಶನೊಬ್ಬ ಕೇಳಿದ್ದಾನೆ. ನೀನು ಹೇಳುವ ಕನಸಿನ ಹುಡುಗಿ ದು ಲಿನಿಯಾಂಗ್. ತಾಂಗ್ ಶಿಯಾನ್‌ಝು 1598ರಲ್ಲಿ ಮುಗಿಸಿದ 'ಪಿಯೋನಿ ಹೂವಿನ ಮಂಟಪ' ನಾಟಕದ ನಾಯಕಿ. 55 ದೃಶ್ಯಗಳ ನಾಟಕ ಅದು, ನಮ್ಮ ದೊಡ್ಡಾಟದ ಹಾಗೆ ಒಂದೇ ರಾತ್ರಿಯಲ್ಲಿ ಮುಗಿಯುವುದಿಲ್ಲ. ಲಿನಿಯಾಂಗ್ ಸತ್ತು ಪಾತಾಳಕ್ಕೆ ಹೋದಾಗ, ಹೇಗೆ ಸತ್ತೆ ಅಂತ ವಿಚಾರಣೆ ನಡೆಯುತ್ತದೆ. ಕನಸು ಕಂಡು ಸತ್ತೆ ಅಂತಾಳೆ. ಸುಳ್ಳು, ಒಂದು ಕನಸಿಗೆ ಸಾಯುವುದು ಎಲ್ಲಾದರೂ ಉಂಟಾ ಅಂತ ಅವನು ನಂಬುವುದೇ ಇಲ್ಲ. ಕೊನೆಗೆ ತೋಟದ ಹೂವಿನ ದೇವರನ್ನು ಸಾಕ್ಷಿಗೆ ಕರೆಸಬೇಕಾಗುತ್ತದೆ. ಅಂದರೆ ಇದು ನಂಬಲಾಗದ ಮಾತು ಅನ್ನೋದು ಬರೆದವನಿಗೇ ಗೊತ್ತಿತ್ತು, ಅದನ್ನು ನಾಟಕದ ಒಳಗೇ ಇಟ್ಟು ನಕ್ಕಿದ್ದಾನೆ.

ಅವಳು ಸಾಯುವ ಮುಂಚಿನ ಭಾಗ ಇನ್ನೊಮ್ಮೆ ಓದು. ಹದಿನಾರು ವರ್ಷದ ಹುಡುಗಿ, ಜಿಲ್ಲೆಯ ದೊಡ್ಡ ಅಧಿಕಾರಿಯ ಒಬ್ಬಳೇ ಮಗಳು. ಮನೆಯ ಹಿತ್ತಿಲಲ್ಲಿ ಅಷ್ಟು ದೊಡ್ಡ ತೋಟ ಇದೆ ಅನ್ನುವುದೇ ಅವಳಿಗೆ ಗೊತ್ತಿಲ್ಲ! ಯಾರೂ ಹೇಳಿಲ್ಲ. ಹಗಲು ನಿದ್ದೆ ಮಾಡಿದ್ದಕ್ಕೆ ಅಪ್ಪ ಬೈಯುತ್ತಾನೆ. ಪಾಠ ಹೇಳಲು ಒಬ್ಬ ಮುದುಕ ಮಾಸ್ತರನನ್ನು ಇಟ್ಟಿದ್ದಾರೆ, ಅವನು ಪ್ರೇಮದ ಹಾಡನ್ನೂ ಒಣ ನೀತಿಪಾಠ ಮಾಡಿ ಕಲಿಸುತ್ತಾನೆ. ಕೆಲಸದ ಹುಡುಗಿ ಚುನ್‌ಶಿಯಾಂಗ್ ಬಂದು ತೋಟದ ಸುದ್ದಿ ಹೇಳಿದ ಮೇಲೆ ಇವಳು ಮೊದಲ ಸಲ ಬಾಗಿಲು ದಾಟಿ ಹೋಗುತ್ತಾಳೆ. ವಸಂತ ಕಾಲ, ಎಲ್ಲ ಅರಳಿ ನಿಂತಿದೆ, ನೋಡುವವರು ಯಾರೂ ಇಲ್ಲ. ಆಮೇಲೆ ಕನಸು. ಈಗ ಹೇಳು, ಇವಳನ್ನು ಕೊಂದಿದ್ದು ಕನಸಿನಲ್ಲಿ ಬಂದ ಹುಡುಗನಾ, ಹದಿನಾರು ವರ್ಷ ಮುಚ್ಚಿಟ್ಟ ಆ ಬಾಗಿಲಾ?

ಇನ್ನು ಕೆಮ್ಮುವವಳು. ಅವಳು 'ಕೆಂಪು ಮಹಲಿನ ಕನಸು' ಕಾದಂಬರಿಯ ಲಿನ್ ದಾಯ್‌ಯೂ. ತ್ಸಾವ್ ಶ್ಯೂಯೆಚಿನ್ ಹದಿನೆಂಟನೇ ಶತಮಾನದ ನಡುವಿನಲ್ಲಿ ಬರೆದದ್ದು. ದಾಯ್‌ಯೂ ಅಂದ ತಕ್ಷಣ ಎಲ್ಲರೂ ಅವಳು ಉದುರಿದ ಹೂಗಳನ್ನು ಗುಡಿಸಿ ಮಣ್ಣು ಮಾಡುವ ದೃಶ್ಯವನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು 57ನೇ ಅಧ್ಯಾಯ. ಅವಳ ಸೇವೆಗೆ ಇರುವ ಝಿಜುವಾನ್ ರಾತ್ರಿ ಮಲಗುವಾಗ ಮೆಲ್ಲಗೆ ಹೇಳುತ್ತಾಳೆ: ನಿಮಗೆ ಅಪ್ಪ ಅಮ್ಮ ಇಲ್ಲ, ಅಣ್ಣ ತಮ್ಮ ಇಲ್ಲ, ಅಜ್ಜಿ ಗಟ್ಟಿ ಇರುವಾಗಲೇ ಮದುವೆ ಮಾತು ಗಟ್ಟಿ ಮಾಡಿಕೊಳ್ಳಿ. ಇಡೀ ಕಾದಂಬರಿಯಲ್ಲಿ ಇಷ್ಟು ನೇರವಾಗಿ ಯಾರೂ ಮಾತಾಡುವುದಿಲ್ಲ. ದಾಯ್‌ಯೂ ತಾಯಿಯ ತವರಿನಲ್ಲಿ ಬೆಳೆಯುವ ಅನಾಥೆ. ಬಾವೋಯೂ ಅವಳ ಸೋದರಮಾವನ ಮಗ, ಇಬ್ಬರಿಗೂ ಮನಸ್ಸಿದೆ. ಆದರೆ ಮದುವೆ ಮಾತು ಎತ್ತಬೇಕಾದವರು ಹಿರಿಯರು. ಇವಳ ಪರವಾಗಿ ಎತ್ತಲು ಯಾರಿದ್ದಾರೆ? ಔಷಧಿ ಜಾಸ್ತಿ ಕೇಳಿದರೂ ಮನೆಯ ಆಳುಗಳು ಏನಂದುಕೊಳ್ಳುತ್ತಾರೋ ಅಂತ ಹೆದರುವ ಹುಡುಗಿ ಅವಳು. ಅತ್ತ ಅದೇ ಮನೆಯಲ್ಲಿರುವ ಇನ್ನೊಬ್ಬ ಹುಡುಗಿ ಬಾವೋಛಾಯ್‌ಗೆ ತಾಯಿ ಇದ್ದಾಳೆ, ಅಣ್ಣ ಇದ್ದಾನೆ, ವ್ಯಾಪಾರದ ದುಡ್ಡಿದೆ, ಆರೋಗ್ಯ ಇದೆ. ಹುಡುಗನ ತಾಯಿಗೆ ಬಾವೋಛಾಯ್ ಸ್ವಂತ ತಂಗಿಯ ಮಗಳು, ದಾಯ್‌ಯೂ ನಾದಿನಿಯ ಮಗಳು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಈ ಲೆಕ್ಕ ನಡೆದಿಲ್ಲ!

ಕೊನೆಗೆ ಮನೆಯವರು ಬಾವೋಯೂಗೆ ಮೋಸ ಮಾಡುತ್ತಾರೆ. ದಾಯ್‌ಯೂ ಜೊತೆಗೇ ಮದುವೆ ಅಂತ ನಂಬಿಸಿ, ಮುಸುಕಿನ ಕೆಳಗೆ ಬಾವೋಛಾಯ್‌ಳನ್ನು ಕೂರಿಸುತ್ತಾರೆ. ಅದೇ ಹೊತ್ತಿಗೆ ದಾಯ್‌ಯೂ ತನ್ನ ಪದ್ಯಗಳನ್ನೆಲ್ಲ ಬೆಂಕಿಗೆ ಹಾಕಿ ಪ್ರಾಣ ಬಿಡುತ್ತಾಳೆ. ಅಲ್ಲಿ ಎಷ್ಟು ಬೇಕೋ ಅಷ್ಟು ಅಳು, ನಾನು ಬೇಡ ಅನ್ನಲ್ಲ. ಒಂದು ಮಾತು ಮಾತ್ರ ಗೊತ್ತಿರಲಿ. ಕಾದಂಬರಿ 1791ರಲ್ಲಿ ಮೊದಲ ಸಲ ಅಚ್ಚಾದಾಗ 120 ಅಧ್ಯಾಯ ಇದ್ದವು. ಅದಕ್ಕೂ ಮೊದಲು ಜನ ಕೈಬರಹದಲ್ಲಿ ನಕಲು ಮಾಡಿಕೊಂಡು ಓದುತ್ತಿದ್ದದ್ದು 80 ಅಧ್ಯಾಯ. ಕೊನೆಯ 40 ಯಾರು ಬರೆದರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ದಾಯ್‌ಯೂಳ ಸಾವು ಬರುವುದು ಆ 40ರಲ್ಲಿ. ನನ್ನ ಕೇಳಿದರೆ ಮೊದಲ 80 ಅಧ್ಯಾಯಗಳಲ್ಲಿ ಇಷ್ಟು ಜೋರಾದ ನಾಟಕ ಇಲ್ಲ, ಅಲ್ಲಿಯ ಸಾವುಗಳು ಇನ್ನೂ ತಣ್ಣಗೆ ಬರುತ್ತವೆ. ಮುಂದೆ ಹಾವೇರಿಯವರಿಗೆ ಬರೆದ ಉತ್ತರದಲ್ಲಿ ಅದರ ಮಾತು ಇದೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ನಿಮ್ಮ ಮಾತು ಕೇಳಿ ಆ ಪುಸ್ತಕ ತರಿಸಿದೆ. ಮೂವತ್ತು ಪುಟಕ್ಕೇ ತಲೆ ತಿರುಗಿತು. ಎಲ್ಲರೂ ಜಿಯಾ, ಎಲ್ಲರೂ ಬಾವೋ. ಹೇಗೆ ಓದುವುದು?
(ಹಿರಿಯ ಓದುಗರು, ಹುಬ್ಬಳ್ಳಿ)

ಕಾಕಾ, ಅದರಲ್ಲಿ ನಾನೂರಕ್ಕೂ ಹೆಚ್ಚು ಪಾತ್ರಗಳಿವೆ, ತಲೆ ತಿರುಗುವುದು ಸಹಜ. ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ವಂಶವೃಕ್ಷ ಬರೆದುಕೊಳ್ಳಿ. ಅಜ್ಜಿಯಿಂದ ಶುರು ಮಾಡಿ, ಗಂಡಸರಿಂದ ಬೇಡ. ಗಂಡಸರು ಬಂದು ಹೋಗುತ್ತಾರೆ, ಮನೆ ನಡೆಯುವುದು ಹೆಂಗಸರಿಂದ. ಇಂಗ್ಲಿಷಿನಲ್ಲಿ ಐದು ಸಂಪುಟಗಳ ಅನುವಾದ ಇದೆ, ಮೊದಲ ಮೂರು ಡೇವಿಡ್ ಹಾಕ್ಸ್, ಉಳಿದ ಎರಡು ಅವರ ಅಳಿಯ ಜಾನ್ ಮಿನ್‌ಫರ್ಡ್. ಅದೇ ನಿಮ್ಮ ಹತ್ತಿರ ಇದ್ದರೆ ಒಳ್ಳೆಯದಾಯಿತು, ಹಾಕ್ಸ್ ಸಾಹೇಬರು ಕೆಲಸದ ಹುಡುಗಿಯರ ಹೆಸರನ್ನೆಲ್ಲ ಇಂಗ್ಲಿಷ್ ಮಾಡಿಬಿಟ್ಟಿದ್ದಾರೆ, ಗುರುತು ಹಿಡಿಯುವುದು ಸುಲಭ. ನೀವು ಬ್ಯಾಂಕಿನವರು ಬೇರೆ. ಮನೆಯ ಖರ್ಚುವೆಚ್ಚ ನೋಡಿಕೊಳ್ಳುವ ಸೊಸೆ ವಾಂಗ್ ಶೀಫೆಂಗ್ ಎಲ್ಲಿ ಬಂದರೂ ಪೆನ್ಸಿಲ್ ಹಿಡಿದು ಕೂರಿ. ಮನೆಯ ಆಳುಗಳ ತಿಂಗಳ ಸಂಬಳವನ್ನು ತಡ ಮಾಡಿ ಕೊಟ್ಟು, ಆ ಸಂದಿನಲ್ಲಿ ಅದೇ ದುಡ್ಡನ್ನು ಹೊರಗೆ ಬಡ್ಡಿಗೆ ಬಿಡುತ್ತಾಳೆ.

ಪ್ರಶ್ನೆ: ಎಷ್ಟು ಆತ್ಮಹತ್ಯೆ ರೀ ಆ ಕಥೆಗಳಲ್ಲಿ! ಬಾವಿಗೆ ಹಾರೋದು, ನೇಣು, ಬಂಗಾರ ನುಂಗೋದು. ಬರೆದವರು ಇದನ್ನು ದೊಡ್ಡದು ಮಾಡಿ ತೋರಿಸ್ತಾರೇನು ಅಂತ ನನಗೆ ಸಂಶಯ. ಗಂಡ ಸತ್ತ ಮೇಲೆ ಹೆಂಡತಿ ಸತ್ತರೆ ಅಲ್ಲಿಯ ಸರ್ಕಾರ ಬಹುಮಾನ ಕೊಡ್ತಿತ್ತು ಅಂತಾನೂ ಕೇಳಿದ್ದೇನೆ. ಖರೇನಾ?
(ಗೃಹಿಣಿ, ಹಾವೇರಿ)

ನಿಮ್ಮ ಸಂಶಯ ಸರಿಯಾಗಿಯೇ ಇದೆ. ದೊಡ್ಡದು ಮಾಡಿ ತೋರಿಸಿದವರು ಬಹಳ ಜನ ಇದ್ದಾರೆ. ತ್ಸಾವ್ ಶ್ಯೂಯೆಚಿನ್ ಆ ಸಾಲಿನವನಲ್ಲ ಅನ್ನುವುದಕ್ಕೆ ಜಿನ್‌ಚುವಾನ್ ಎಂಬ ಕೆಲಸದ ಹುಡುಗಿಯ ಕಥೆ ನೋಡಿ. ಮಧ್ಯಾಹ್ನದ ಹೊತ್ತು. ಯಜಮಾನಿ ವಾಂಗ್ ಫೂರೆನ್ ಮಲಗಿದ್ದಾಳೆ, ಹುಡುಗಿ ಕಾಲು ಒತ್ತುತ್ತಾ ತೂಕಡಿಸುತ್ತಿದ್ದಾಳೆ. ಬಾವೋಯೂ ಬಂದು ಚೇಷ್ಟೆ ಮಾತಾಡುತ್ತಾನೆ. ಅವಳೂ ಒಂದು ತಮಾಷೆ ಮಾತು ಆಡುತ್ತಾಳೆ. ನಿದ್ದೆಯಲ್ಲಿದ್ದಾಳೆ ಅಂದುಕೊಂಡ ಯಜಮಾನಿ ಎದ್ದು ಕೂತು ಹುಡುಗಿಯ ಕೆನ್ನೆಗೆ ಬಾರಿಸಿ, ನನ್ನ ಮಗನನ್ನು ಕೆಡಿಸುತ್ತೀಯಾ ಅಂತ ಮನೆಯಿಂದ ಹೊರಗೆ ಹಾಕುತ್ತಾಳೆ. ಮಗ? ಅವನು ಆಗಲೇ ಓಡಿಹೋಗಿದ್ದಾನೆ. ಸ್ವಲ್ಪ ದಿನಕ್ಕೆ ಹುಡುಗಿಯ ಹೆಣ ಬಾವಿಯಲ್ಲಿ ಸಿಗುತ್ತದೆ.

ಆಮೇಲಿನ ಮಾತುಕತೆಗೆ ನನ್ನ ರಕ್ತ ತಣ್ಣಗಾಯಿತು. ಯಜಮಾನಿಗೆ ಒಳಗೊಳಗೆ ಚುಚ್ಚುತ್ತಿದೆ. ಸಮಾಧಾನ ಹೇಳಲು ಬಂದ ಬಾವೋಛಾಯ್ (ಎಲ್ಲರೂ ಹೊಗಳುವ ಬುದ್ಧಿವಂತ, ಸುಸಂಸ್ಕೃತ ಹುಡುಗಿ) ಹೇಳುತ್ತಾಳೆ: ಬಾವಿಯ ಹತ್ತಿರ ಆಡುವಾಗ ಕಾಲು ಜಾರಿರಬೇಕು ದೊಡ್ಡಮ್ಮ, ಸಿಟ್ಟಿನಿಂದ ಹಾರಿದ್ದರೆ ಅವಳೇ ದಡ್ಡಿ, ಇನ್ನೊಂದಿಷ್ಟು ಬೆಳ್ಳಿ ಕೊಟ್ಟರೆ ಆಯಿತು. ಹುಡುಗಿಯ ತಾಯಿಗೆ ಐವತ್ತು ತಾಯೆಲ್ (ಚೀನಾದ ಹಳೆಯ ತೂಕದ ಅಳತೆ) ಬೆಳ್ಳಿ ಹೋಗುತ್ತದೆ. ಹೆಣಕ್ಕೆ ಉಡಿಸಲು ಬಾವೋಛಾಯ್ ತನ್ನ ಹೊಸ ಬಟ್ಟೆ ಕೊಡುತ್ತಾಳೆ. ಇದಕ್ಕೆ ಬರಹಗಾರ ಒಂದು ಸಾಲಿನ ಟೀಕೆಯನ್ನೂ ಸೇರಿಸುವುದಿಲ್ಲ. ಬಟ್ಟೆ ಕೊಟ್ಟಳು, ಬೆಳ್ಳಿ ಕೊಟ್ಟರು, ಅಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಇಲ್ಲಿ ಪ್ರೀತಿ ಎಲ್ಲಿದೆ? ಕೆಲಸ ಹೋಯಿತು, ಹೆಸರು ಹೋಯಿತು, ಬೇರೆ ಮನೆಯಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ.

ಬಂಗಾರ ನುಂಗಿದವಳು ಯೂ ಮನೆತನದ ಎರಡನೇ ಮಗಳು. ಶೀಫೆಂಗ್‌ಳ ಗಂಡ ಗುಟ್ಟಾಗಿ ಕಟ್ಟಿಕೊಂಡವಳು. ಶೀಫೆಂಗ್ ಅವಳನ್ನು ಬಾಯ್ತುಂಬ ತಂಗಿ ಅಂತ ಕರೆದು ಮನೆಗೆ ತಂದು, ಊಟ ಕೆಡಿಸಿ, ಆಳುಗಳ ಕೈಯಲ್ಲಿ ಹೀಯಾಳಿಸಿ, ಇನ್ನೊಬ್ಬ ಉಪಪತ್ನಿಯನ್ನು ಅವಳ ಮೇಲೆ ಛೂ ಬಿಟ್ಟು ಸಾಯುವ ಮಟ್ಟಕ್ಕೆ ತರುತ್ತಾಳೆ. ನಡುವೆ ವೈದ್ಯನ ಔಷಧಿಗೆ ಗರ್ಭ ಹೋಗುತ್ತದೆ. ಅವಳು ಸತ್ತ ಮೇಲೆ ಹೆಣ ಎತ್ತಲು ಗಂಡನ ಕೈಯಲ್ಲಿ ದುಡ್ಡಿಲ್ಲ, ಶೀಫೆಂಗ್ ಇಪ್ಪತ್ತು ಮೂವತ್ತು ತಾಯೆಲ್ ಬೆಳ್ಳಿ ಕೊಟ್ಟು ಕೈತೊಳೆದುಕೊಳ್ಳುತ್ತಾಳೆ.

ಬಹುಮಾನದ ಮಾತು ಅರ್ಧ ಖರೆ. ಮಿಂಗ್ ರಾಜವಂಶ ಶುರುವಾದ 1368ರಲ್ಲೇ ಒಂದು ಆಜ್ಞೆ ಹೊರಟಿತು. ಮೂವತ್ತರ ಒಳಗೆ ವಿಧವೆಯಾಗಿ, ಐವತ್ತು ದಾಟುವವರೆಗೆ ಮರುಮದುವೆ ಆಗದೆ ಉಳಿದವಳ ಮನೆಬಾಗಿಲಿಗೆ ಗೌರವದ ಗುರುತು, ಮನೆಯವರಿಗೆ ಬಿಟ್ಟಿ ಚಾಕರಿಯಿಂದ ಮಾಫಿ. ಸಾಯಬೇಕು ಅಂತ ಈ ಆಜ್ಞೆ ಹೇಳಲಿಲ್ಲ, ಬದುಕಿ ತೋರಿಸು ಅಂದಿತು. ಆದರೆ ಗಂಡನ ಹಿಂದೆಯೇ ಸತ್ತವರನ್ನೂ ಹೊಗಳುವ ಚಟ ಬೆಳೆಯಿತು. ಮಿಂಗ್ ಆದ ಮೇಲೆ ಬಂದ ಚಿಂಗ್ ರಾಜವಂಶದ ಕಾಲದಲ್ಲಿ ಖಾಂಗ್‌ಶಿ ಚಕ್ರವರ್ತಿ 1688ರಲ್ಲಿ, ಅವನ ಮಗ 1728ರಲ್ಲಿ, ಇಂಥ ಸಾವುಗಳನ್ನು ಸನ್ಮಾನಿಸಬೇಡಿ ಅಂತ ಹೇಳಬೇಕಾಯಿತು. ಒಂದೇ ಆಜ್ಞೆ ಸಾಕಾಗಲಿಲ್ಲ ಅನ್ನುವುದರಲ್ಲೇ ಎಲ್ಲ ಗೊತ್ತಾಗುತ್ತದೆ. ಅನ್ಹುಯಿ ಪ್ರಾಂತದ ಟಾಂಗ್‌ಯುಯೆ ಊರಿನಲ್ಲಿ ಏಳು ಕಲ್ಲಿನ ಕಮಾನುಗಳು ಸಾಲಾಗಿ ನಿಂತಿವೆ, ಅವುಗಳಲ್ಲಿ ಎರಡು ಮರುಮದುವೆ ಆಗದೆ ಉಳಿದ ವಿಧವೆಯರ ಹೆಸರಿನವು. ನಿಮ್ಮ ಹಾವೇರಿ ಜಿಲ್ಲೆಯಲ್ಲಿ ಕಂಬದಿಂದ ಚಾಚಿದ ಬಳೆ ತೊಟ್ಟ ಕೈ ಕೆತ್ತಿದ ಮಾಸ್ತಿಕಲ್ಲುಗಳನ್ನು ನೀವು ನೋಡಿಯೇ ಇರುತ್ತೀರಿ. ಎಷ್ಟೋ ಊರಲ್ಲಿ ಅವಕ್ಕೆ ಈಗಲೂ ಕುಂಕುಮ ಹಚ್ಚುತ್ತಾರೆ.

ಮಾಸ್ತಿಕಲ್ಲಿನ ಮಾತು ಬಂದಾಗ ನನಗೆ ಯಾವಾಗಲೂ ಲಕ್ಕುಂಡಿಯ ಅತ್ತಿಮಬ್ಬೆ ನೆನಪಾಗುತ್ತಾಳೆ. ಅಕ್ಕ ತಂಗಿ ಇಬ್ಬರನ್ನೂ ನಾಗದೇವನಿಗೆ ಕೊಟ್ಟಿದ್ದರು. ಅವನು ಸತ್ತಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಸಣ್ಣ ಮಗನಿಗಾಗಿ ಉಳಿದಳು. ಉಳಿದಿದ್ದರಿಂದಲೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿದಳು, ರನ್ನನಿಗೆ ಆಶ್ರಯ ಕೊಟ್ಟಳು, 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದಳು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು, ಒಂದೇ ಸಾವು. ಚೀನಾದಲ್ಲಾಗಿದ್ದರೆ ಈ ಇಬ್ಬರ ಮೇಲೂ ಒಂದು ಕಾದಂಬರಿ ಬರುತ್ತಿತ್ತು ಅಂತ ನನಗೆ ಹೊಟ್ಟೆಕಿಚ್ಚು.

ಇನ್ನೊಂದು ವಿಷಯ, ಬೇಸರ ಮಾಡಿಕೊಳ್ಳದೆ ಓದಿ, ಇದು ದುಡ್ಡಿನದು. ಮಿಂಗ್ ಮತ್ತು ಚಿಂಗ್ ಕಾನೂನಿನಲ್ಲಿ ಮರುಮದುವೆಯಾದ ವಿಧವೆಗೆ ಗಂಡನ ಆಸ್ತಿಯ ಹಕ್ಕು ಹೋಗುತ್ತಿತ್ತು. ತವರಿನಿಂದ ತಂದದ್ದೂ ಗಂಡನ ಮನೆಯವರ ಪಾಲಾಗುತ್ತಿತ್ತು. ಹಾಗಾಗಿ ಬಾಯಲ್ಲಿ ಪಾತಿವ್ರತ್ಯದ ಮಾತು, ಕೈಯಲ್ಲಿ ವಿಧವೆ ಸೊಸೆಯನ್ನು ಬೇಗ ಸಾಗಹಾಕುವ ಕೆಲಸ, ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಚೀನಾದ ಆಧುನಿಕ ಕಥೆಗಾರ ಲೂ ಶುನ್ 1924ರಲ್ಲಿ ಬರೆದ 'ಹೊಸವರ್ಷದ ಬಲಿ' ಕಥೆ ಇದರ ಮೇಲೇ ನಿಂತಿದೆ. ನಾಯಕಿಗೆ ಸ್ವಂತ ಹೆಸರಿಲ್ಲ, ಸತ್ತ ಗಂಡನ ಹೆಸರಿಂದ ಶಿಯಾಂಗ್‌ಲಿನ್‌ನ ಹೆಂಡತಿ ಅಂತಲೇ ಕರೆಯುತ್ತಾರೆ. ಅತ್ತೆ ಅವಳನ್ನು ಕಟ್ಟಿ ಹೊತ್ತುಕೊಂಡು ಹೋಗಿ ಬೆಟ್ಟದ ಊರಿನ ಒಬ್ಬನಿಗೆ ಎಂಬತ್ತು ಸಾವಿರ ಕಾಸಿಗೆ ಮದುವೆ ಮಾಡುತ್ತಾಳೆ. ಅದರಲ್ಲಿ ಐವತ್ತು ಸಾವಿರ ಕೊಟ್ಟು ತನ್ನ ಎರಡನೇ ಮಗನಿಗೆ ಹೆಣ್ಣು ತರುತ್ತಾಳೆ! ಎರಡನೇ ಗಂಡನೂ ಜ್ವರಕ್ಕೆ ಸಾಯುತ್ತಾನೆ, ಮಗುವನ್ನು ತೋಳ ಹೊತ್ತೊಯ್ಯುತ್ತದೆ. ಆಮೇಲೆ ಒಬ್ಬ ಆಳು ಹೆಂಗಸು ಹೆದರಿಸುತ್ತಾಳೆ, ನೀನು ಸತ್ತ ಮೇಲೆ ಇಬ್ಬರು ಗಂಡಂದಿರೂ ನಿನಗಾಗಿ ಜಗಳ ಮಾಡುತ್ತಾರೆ, ಯಮ ನಿನ್ನನ್ನು ಗರಗಸದಿಂದ ಸೀಳಿ ಹಂಚುತ್ತಾನೆ ಅಂತ. ಗುಡಿಗೆ ಒಂದು ಹೊಸ್ತಿಲು ಮಾಡಿಸಿಕೊಡು, ಸಾವಿರ ಜನ ಅದನ್ನು ತುಳಿದರೆ ನಿನ್ನ ಪಾಪ ಹೋಗುತ್ತದೆ ಅಂತಲೂ ಹೇಳುತ್ತಾಳೆ. ಪಾಪ, ಇದ್ದ ಸಂಬಳವನ್ನೆಲ್ಲ ಕೂಡಿಸಿ ಹನ್ನೆರಡು ಸಾವಿರ ಕಾಸು ಕೊಟ್ಟು ಹೊಸ್ತಿಲು ಮಾಡಿಸುತ್ತಾಳೆ. ಹಗುರಾದ ಮುಖದಿಂದ ಮನೆಗೆ ಬಂದು ಹಿರಿಯರ ಪೂಜೆಯ ಬಟ್ಟಲು ಮುಟ್ಟಲು ಹೋದರೆ ಯಜಮಾನಿ ಕೂಗುತ್ತಾಳೆ, ಮುಟ್ಟಬೇಡ!

ನಮ್ಮ ಸೀಮೆಯಲ್ಲಿ ಎಷ್ಟೋ ಸಮುದಾಯಗಳಲ್ಲಿ ವಿಧವೆಗೆ ಉಡಿಕೆ (ಮರುಮದುವೆ) ಮಾಡುವ ರೂಢಿ ಇತ್ತು, ಅದು ಒಳ್ಳೆಯದೇ. ಆದರೆ ಉಡಿಕೆಯಾದವಳನ್ನು ಮದುವೆ ಚಪ್ಪರದಲ್ಲಿ ಮುತ್ತೈದೆಯರ ಸಾಲಿಗೆ ಕರೆಯುವಾಗ ಒಂದು ಕ್ಷಣ ತಡೆಯುತ್ತಿದ್ದರಲ್ಲ, ಆ ತಡೆ ಗೊತ್ತಿದ್ದವರಿಗೆ ಈ ಕಥೆ ಬೇರೆ ದೇಶದ್ದು ಅನ್ನಿಸುವುದಿಲ್ಲ.

ಪ್ರಶ್ನೆ: ಕಾಲು ಕಟ್ಟುವ ಪದ್ಧತಿ ಬಗ್ಗೆ ಈ ಕಥೆಗಳಲ್ಲಿ ಎಷ್ಟು ಇದೆ?
(ಶಿಕ್ಷಕಿ, ರಾಣೆಬೆನ್ನೂರು)

ಕಾದಂಬರಿಗೆ ಕಾದಂಬರಿ ಬೇರೆ. ಸಾಮಾನ್ಯವಾಗಿ ಐದಾರು ವರ್ಷಕ್ಕೆ ಹುಡುಗಿಯ ಪಾದ ಬಿಗಿದು ಕಟ್ಟಲು ಶುರು ಮಾಡುತ್ತಿದ್ದರು, ಬೆರಳುಗಳು ಮುರಿದು ಅಡಿಗೆ ಮಡಚಿಕೊಳ್ಳುವಂತೆ. ಕಟ್ಟುತ್ತಿದ್ದವರು ಹೆಚ್ಚಾಗಿ ತಾಯಿ, ಅಜ್ಜಿ. ಚಿಂಗ್ ದೊರೆಗಳ ಜನಾಂಗವಾದ ಮಂಚೂ ಹೆಂಗಸರು ಕಟ್ಟುತ್ತಿರಲಿಲ್ಲ. ತ್ಸಾವ್‌ನ ಮನೆತನ ಮಂಚೂ ದೊರೆಗಳ ಸೇವೆಯಲ್ಲಿದ್ದದ್ದು, ಅವನು ತನ್ನ ನಾಯಕಿಯರ ಪಾದದ ವಿಷಯವನ್ನು ಬೇಕಂತಲೇ ಮಸುಕಾಗಿ ಬಿಟ್ಟಿದ್ದಾನೆ. ಚಕ್ರವರ್ತಿನಿ ಸಿಶಿ 1902ರಲ್ಲಿ ಬಿಡಿ ಅಂತ ಆಜ್ಞೆ ಹೊರಡಿಸಿದಳು, 1912ರಲ್ಲಿ ಗಣರಾಜ್ಯ ನಿಷೇಧಿಸಿತು, ಹಳ್ಳಿಗಳಲ್ಲಿ ಆಮೇಲೂ ನಡೆಯಿತು. ಈಗಿನವರು ಇಂಗ್ಲಿಷಿನಲ್ಲಿ ಬರೆಯುವ ಐತಿಹಾಸಿಕ ಕಾದಂಬರಿಗಳಲ್ಲಿ ಇದರ ವರ್ಣನೆ ಜಾಸ್ತಿ. ಕೆಲವು ಕಡೆ ನೋವು ತೋರಿಸಲಿಕ್ಕೋ, ಬೆರಗು ಹುಟ್ಟಿಸಲಿಕ್ಕೋ ಅಂತ ನನಗೆ ಅನುಮಾನ ಬಂದಿದೆ.

ಪ್ರಶ್ನೆ: ಎಲ್ಲ ಗಂಡಸರೇ ಬರೆದ ಕಥೆಗಳನ್ನು ಹೇಳುತ್ತೀರಿ. ಆ ಹೆಂಗಸರು ತಾವೇ ಏನೂ ಬರೆಯಲಿಲ್ಲವೇ? ಅಥವಾ ನಮ್ಮ ಅಜ್ಜಿಯರ ಹಾಗೆ ಬೀಸುವಾಗ ಹಾಡಿ ಬಿಟ್ಟರಾ?
(ಜಾನಪದದ ಓದುಗಿ, ಧಾರವಾಡ)

ಬರೆದರು, ಬೇಕಾದಷ್ಟು ಬರೆದರು. ಮೇಲೆ ಹೇಳಿದ ಪಿಯೋನಿ ಮಂಟಪದ ನಾಟಕವನ್ನೇ ತೆಗೆದುಕೊಳ್ಳಿ. ಅದು ಹೊರಬಂದ ಮೇಲೆ ನೂರು ವರ್ಷ ಹುಡುಗಿಯರು ಅದನ್ನು ಹುಚ್ಚು ಹಿಡಿದ ಹಾಗೆ ಓದಿದರು. ಹ್ಯಾಂಗ್‌ಝೌ ನಗರದ ಹತ್ತಿರ ಚೆನ್ ತೋಂಗ್ ಎಂಬ ಹುಡುಗಿಗೆ ವೂ ರೆನ್ ಎಂಬವನ ಜೊತೆ ಮದುವೆ ಗೊತ್ತಾಗಿತ್ತು. ಅವಳು ನಾಟಕದ ಪುಟಗಳ ಅಂಚಿನಲ್ಲಿ ತನಗೆ ತೋಚಿದ್ದನ್ನೆಲ್ಲ ಬರೆಯುತ್ತಾ ಹೋದಳು. ಕಾಯಿಲೆ ಬಿದ್ದಳು, ಆದರೂ ರಾತ್ರಿ ಓದುವುದು ಬಿಡಲಿಲ್ಲ. ತಾಯಿ ಸಿಟ್ಟಾಗಿ ಪುಸ್ತಕಗಳನ್ನೆಲ್ಲ ಸುಟ್ಟಳು. ಹಾಲುಣಿಸಿ ಸಾಕಿದ ದಾದಿ ಒಂದು ಭಾಗವನ್ನು ಮಾತ್ರ ದಿಂಬಿನೊಳಗೆ ಬಚ್ಚಿಟ್ಟಿದ್ದಳು. ಸಾಹಿತ್ಯ ಉಳಿಸಬೇಕು ಅಂತಲ್ಲ, ಕಸೂತಿಯ ಮಾದರಿ ಕಾಗದಗಳನ್ನು ಅದರಲ್ಲಿ ಇಟ್ಟುಕೊಳ್ಳಲು ಅನುಕೂಲ ಅಂತ! ಹುಡುಗಿ ಮದುವೆಗೆ ಮುಂಚೆಯೇ ತೀರಿಕೊಂಡಳು. ದಾದಿ ಆ ಪುಸ್ತಕವನ್ನು ವೂ ರೆನ್‌ಗೆ ಮಾರಿದಳು. ಅವನು ಮದುವೆಯಾದ ತಾನ್ ಝೆ ಅದನ್ನು ಓದಿ, ಚೆನ್ ತೋಂಗ್ ನಿಲ್ಲಿಸಿದಲ್ಲಿಂದ ಉಳಿದ ಅರ್ಧಕ್ಕೆ ತಾನು ಟಿಪ್ಪಣಿ ಬರೆದಳು. ಅವಳೂ ಸತ್ತಳು. ಮೂರನೆಯವಳು ಚಿಯಾನ್ ಯೀ ಬಂದು ಎರಡನ್ನೂ ಓದಿ ತನ್ನ ಮಾತೂ ಸೇರಿಸಿ, ತನ್ನ ಒಡವೆ ಮಾರಿ ಅಚ್ಚು ಹಾಕಿಸಿದಳು. 1694ರಲ್ಲಿ ಅದು 'ಮೂವರು ಹೆಂಡತಿಯರ ಟಿಪ್ಪಣಿ' ಎಂದು ಹೊರಬಂತು. ಹೆಂಗಸರು ಇಷ್ಟು ಬರೆಯಲು ಸಾಧ್ಯವಿಲ್ಲ, ಗಂಡನೇ ಬರೆದಿರಬೇಕು ಅಂತ ಆಗಲೇ ಜನ ಗುಸುಗುಸು ಮಾಡಿದರಂತೆ. ಅಮೆರಿಕದ ಲೇಖಕಿ ಲಿಸಾ ಸೀ ಈ ಘಟನೆ ಇಟ್ಟುಕೊಂಡೇ 2007ರಲ್ಲಿ ಒಂದು ಕಾದಂಬರಿ ಬರೆದಿದ್ದಾರೆ. ಸತ್ತ ಮೊದಲ ಹುಡುಗಿಯೇ ಅದರಲ್ಲಿ ದೆವ್ವವಾಗಿ ಕಥೆ ಹೇಳುತ್ತಾಳೆ. ನನಗೆ ಆ ಕಾದಂಬರಿಗಿಂತ ಕಸೂತಿ ಕಾಗದದ ದಾದಿಯೇ ಇಷ್ಟ.

ಇವರೆಲ್ಲ ಓದು ಬಂದ ದೊಡ್ಡ ಮನೆಯವರು. ಹಳ್ಳಿಯವರ ಮಾತಿಗೆ ಹೂನಾನ್ ಪ್ರಾಂತದ ಜಿಯಾಂಗ್‌ಯೋಂಗ್‌ಗೆ ಹೋಗಬೇಕು. ಅಲ್ಲಿ ಹೆಂಗಸರು ತಮ್ಮದೇ ಲಿಪಿ ಬಳಸುತ್ತಿದ್ದರು, ನ್ಯೂಶೂ ಅಂತ. ಗಂಡಸರು ಅದನ್ನು ಕಲಿಯುತ್ತಿರಲಿಲ್ಲ. ಬೀಸಣಿಗೆ, ಕರವಸ್ತ್ರ, ಸಣ್ಣ ಬಟ್ಟೆ ಹೊದಿಕೆಯ ಪುಸ್ತಕ, ಇವುಗಳ ಮೇಲೆ ಬರೆಯುತ್ತಿದ್ದರು. ಮದುವೆಯಾಗಿ ಮೂರನೇ ದಿನಕ್ಕೆ ಗೆಳತಿಯರು, ಆಣೆ ಇಟ್ಟುಕೊಂಡ ಅಕ್ಕತಂಗಿಯರು ಮದುಮಗಳ ಗಂಡನ ಮನೆಗೆ ಒಂದು ಪುಸ್ತಕ ಕಳಿಸುತ್ತಿದ್ದರು. ಅದರಲ್ಲಿ ಅಗಲಿಕೆಯ ಹಾಡು, ಬುದ್ಧಿಮಾತು, ಉಳಿದ ಹಾಳೆ ಖಾಲಿ. ಆ ಖಾಲಿ ಹಾಳೆ ಅವಳು ಬರೆದುಕೊಳ್ಳಲಿಕ್ಕೆ. ಸತ್ತಾಗ ಇವನ್ನೆಲ್ಲ ಜೊತೆಗೇ ಹೂಳುವುದು ಅಥವಾ ಸುಡುವುದು ರೂಢಿ, ಹಾಗಾಗಿ ಉಳಿದದ್ದು ಕಮ್ಮಿ. ಹಳೆಯ ರೂಢಿಯಲ್ಲಿ ಇದನ್ನು ಕಲಿತ ಕೊನೆಯವರು ಎನ್ನಲಾದ ಯಾಂಗ್ ಹುವಾನ್‌ಯೀ 2004ರಲ್ಲಿ ತೀರಿಕೊಂಡರು.

ಬೀಸುವ ಪದದ ಮಾತು ನೀವೇ ತೆಗೆದಿರಿ. 'ಕೆರೆಗೆ ಹಾರ' ಹಾಡಿನಲ್ಲಿ ಭಾಗೀರಥಿ ತವರಿಗೆ ಹೋದಾಗ ಅಪ್ಪನಿಗೂ ಅವ್ವನಿಗೂ ನಿಜ ಹೇಳುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಅಂತಷ್ಟೇ ಹೇಳುತ್ತಾಳೆ. ತನ್ನನ್ನು ಕೆರೆಗೆ ಕೊಡುತ್ತಾರೆ ಅನ್ನುವ ಮಾತು ಹೇಳುವುದು ಗೆಳತಿಯ ಹತ್ತಿರ ಮಾತ್ರ. ನ್ಯೂಶೂ ಪುಸ್ತಕಗಳಲ್ಲೂ ನಿಜವಾದ ಮಾತು ಹೋಗುವುದು ಗೆಳತಿಗೇ.

ಪ್ರಶ್ನೆ: ಅಕ್ಕಾರ, ನನ್ನ ಸೊಸೆ ಈ ಪುಸ್ತಕ ಓದಿ ನನ್ನ ಕಡೆ ಒಂಥರಾ ನೋಡ್ತಾಳೆ. ಅದರಲ್ಲಿ ಒಳ್ಳೆಯ ಅತ್ತೆ ಒಬ್ಬಳೂ ಇಲ್ಲೇನು?
(ಒಬ್ಬ ಅತ್ತೆ, ಲಕ್ಷ್ಮೇಶ್ವರ)

ಇದ್ದಾಳೆ, ಆದರೆ ನಿಮಗೆ ದೆವ್ವದ ಕಥೆ ಓದುವ ಧೈರ್ಯ ಬೇಕು. ಪು ಸೋಂಗ್‌ಲಿಂಗ್ (1640-1715) ಪರೀಕ್ಷೆ ಮೇಲೆ ಪರೀಕ್ಷೆ ನಪಾಸಾಗಿ, ಪಾಠ ಹೇಳಿಕೊಂಡು, ಸುಮಾರು ಐನೂರು ವಿಚಿತ್ರ ಕಥೆ ಬರೆದಿಟ್ಟವನು. ಅವು ಅಚ್ಚಾದದ್ದು ಅವನು ಸತ್ತ ಮೇಲೆ, 1766ರಲ್ಲಿ. ಅದರಲ್ಲಿ ನಿಯೆ ಶಿಯಾವೋಚಿಯಾನ್ ಅಂತ ಒಂದು ಹೆಣ್ಣು ದೆವ್ವ. ಹದಿನೆಂಟಕ್ಕೇ ಸತ್ತವಳು, ಒಂದು ಪಿಶಾಚಿಯ ಕೈಗೆ ಸಿಕ್ಕಿ ಗಂಡಸರನ್ನು ಮರುಳು ಮಾಡಿ ಕೊಲ್ಲುವ ಕೆಲಸ ಮಾಡುತ್ತಾಳೆ. ಒಬ್ಬ ಪ್ರಾಮಾಣಿಕ ಹುಡುಗ ಅವಳ ಮೂಳೆ ಅಗೆದು ತಂದು ತನ್ನ ಮನೆ ಹತ್ತಿರ ಹೂಳುತ್ತಾನೆ, ಅವಳೂ ಹಿಂದೆಯೇ ಬರುತ್ತಾಳೆ. ಹುಡುಗನ ತಾಯಿಗೆ ಹೆದರಿಕೆ, ರಾತ್ರಿ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪುವುದಿಲ್ಲ. ಆಗ ಈ ದೆವ್ವ ಏನು ಮಾಡಬೇಕು? ಬೆಳಿಗ್ಗೆ ಬಂದು ಅತ್ತೆಗೆ ಮುಖ ತೊಳೆಯಲು ನೀರು ಕೊಟ್ಟು, ಅಡಿಗೆ ಮಾಡಿ, ಮನೆಗೆಲಸ ಮಾಡಿ, ತಿಂಗಳುಗಟ್ಟಲೆ ಸೇವೆ ಮಾಡಿ ಮನಸ್ಸು ಗೆಲ್ಲಬೇಕು. ಕೊನೆಗೆ ತಾಯಿ ಅವಳು ದೆವ್ವ ಅನ್ನುವುದನ್ನೇ ಮರೆತು ಜೊತೆಗೇ ಮಲಗಿಸಿಕೊಳ್ಳುತ್ತಾಳೆ, ಹುಡುಗನ ಮೊದಲ ಹೆಂಡತಿ ತೀರಿದ ಮೇಲೆ ಮದುವೆಗೂ ಒಪ್ಪುತ್ತಾಳೆ. ಸತ್ತರೂ ಅತ್ತೆ ಮನೆ ಚಾಕರಿ ತಪ್ಪಲಿಲ್ಲ ನೋಡಿ. ಈ ಕಥೆಯನ್ನು ನಿಮ್ಮ ಸೊಸೆಗೆ ನೀವೇ ಹೇಳಿ, ಯಾರು ಮೊದಲು ನಗುತ್ತೀರಿ ನನಗೆ ತಿಳಿಸಿ.

ಪ್ರಶ್ನೆ: ದೆವ್ವದ ಪ್ರೀತಿಯೇ ಯಾಕೆ ಇಷ್ಟು? ಬದುಕಿದವರು ಪ್ರೀತಿ ಮಾಡಬಾರದಿತ್ತಾ?
(ಮೊಬೈಲ್ ಅಂಗಡಿಯ ಯುವಕ, ಹುಬ್ಬಳ್ಳಿ)

ತಮ್ಮಾ, ನಿನ್ನ ಎರಡನೇ ಸಾಲೇ ಉತ್ತರ. ಮತ್ತೆ ಲಿನಿಯಾಂಗ್‌ಳ ಹತ್ತಿರ ಬರೋಣ. ದೆವ್ವವಾಗಿದ್ದಾಗ ಅವಳು ತಾನೇ ರಾತ್ರಿ ಕನಸಿನಲ್ಲಿ ಬಂದಿದ್ದ ಆ ಹುಡುಗನ ಕೋಣೆಯ ಬಾಗಿಲು ತಟ್ಟಿ ಹೋಗುತ್ತಾಳೆ, ಯಾವ ಸಂಕೋಚವೂ ಇಲ್ಲ. ಮೂರು ವರ್ಷದ ಮೇಲೆ ಅವನು ಗೋರಿ ತೆಗೆದು ಅ‌ವಳು ಜೀವಂತ ಎದ್ದು ಬಂದಾಗ, ಅವನು ಇನ್ನೇನು ಹತ್ತಿರ ಬರಬೇಕು, ತಡೆಯುತ್ತಾಳೆ. ನಿನ್ನೆ ನಾನು ದೆವ್ವ, ಇವತ್ತು ಮನುಷ್ಯಳು. ದೆವ್ವಕ್ಕೆ ನಡೆಯುತ್ತದೆ, ಮನುಷ್ಯರಿಗೆ ಶಾಸ್ತ್ರದ ಪ್ರಕಾರ ಮದುವೆ ಆಗಬೇಕು ಅಂತಾಳೆ. ಉಸಿರು ಬಂದ ಕೂಡಲೇ ಹಳೆಯ ಮನೆಯ ಕಟ್ಟಳೆಯೂ ಬಂತು. ಅಪ್ಪನಂತೂ ಮಗಳು ಬದುಕಿದಳು ಅಂತ ಕುಣಿಯುವುದು ಬಿಟ್ಟು ಅಳಿಯನನ್ನು ಗೋರಿ ಕಳ್ಳ ಅಂತ ಹೊಡೆಸುತ್ತಾನೆ. ಇದನ್ನು ಬರೀ ತಮಾಷೆಯ ದೃಶ್ಯ ಅನ್ನುವವರಿದ್ದಾರೆ, ನಾನು ಒಪ್ಪಲ್ಲ.

ಇದರ ಹಿಂದೆ ಒಂದು ಗಟ್ಟಿ ಕಾರಣವೂ ಇದೆ. ಹಳೆಯ ಚೀನಾದ ಮನೆಯಲ್ಲಿ ಹಿರಿಯರ ಹೆಸರು ಬರೆದ ಮರದ ಫಲಕಗಳಿಗೆ ಪೂಜೆ. ಹೆಣ್ಣಿನ ಫಲಕ ಗಂಡನ ಮನೆಯಲ್ಲಿ ಇರಬೇಕು. ಮದುವೆಗೆ ಮುಂಚೆ ಸತ್ತವಳಿಗೆ ತವರಿನ ಹಿರಿಯರ ಸಾಲಿನಲ್ಲಿ ಜಾಗ ಇಲ್ಲ, ಗಂಡನ ಮನೆ ಇಲ್ಲವೇ ಇಲ್ಲ. ಎಡೆ ಇಡುವವರೂ ಇಲ್ಲದ ಆತ್ಮ ಹಸಿದು ಅಲೆಯುತ್ತದೆ ಅನ್ನುವ ನಂಬಿಕೆ. ಅದಕ್ಕೇ ಸತ್ತ ಹುಡುಗಿಗೆ ಸತ್ತ ಹುಡುಗನನ್ನು ಹುಡುಕಿ ಮದುವೆ ಮಾಡುವ ಪದ್ಧತಿ ಕೆಲವು ಕಡೆ ಇತ್ತು. ಮಹಾಲಯ ಅಮಾವಾಸ್ಯೆಗೆ ನಿಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ, ಮದುವೆಯಾಗದೆ ತೀರಿದ ಅತ್ತೆಯೋ ಅಕ್ಕನೋ ಇದ್ದರೆ ಅವರ ಹೆಸರು ಯಾರಾದರೂ ತೆಗೆಯುತ್ತಾರಾ, ಕೇಳಿ ನೋಡು.

ಪ್ರಶ್ನೆ: ನನ್ನ ಮಗಳು ಹತ್ತನೇ ಕ್ಲಾಸು. ನಿಮ್ಮ ಅಂಕಣ ಓದಿ ಈ ಪುಸ್ತಕ ಬೇಕು ಅಂತ ಹಟ ಹಿಡಿದಿದ್ದಾಳೆ. ಕೊಡಲಾ ಬೇಡವಾ?
(ತಾಯಿ, ಶಿಗ್ಗಾಂವಿ)

ಕೊಡಿ ತಾಯಿ. ಆ ಕಾದಂಬರಿಯಲ್ಲೇ ಇದಕ್ಕೆ ಜವಾಬು ಇದೆ. ಪ್ರೇಮದ ನಾಟಕದ ಸಾಲೊಂದನ್ನು ದಾಯ್‌ಯೂ ಆಟದ ಭರದಲ್ಲಿ ಎಲ್ಲರೆದುರು ಆಡಿಬಿಡುತ್ತಾಳೆ. ಬಾವೋಛಾಯ್ ಅವಳನ್ನು ಒಳಗೆ ಕರೆದು, ಹೆಣ್ಣುಮಕ್ಕಳು ಇಂಥದ್ದೆಲ್ಲ ಓದಬಾರದು, ನಮ್ಮ ಕೆಲಸ ಹೊಲಿಗೆ ಅಂತ ಬುದ್ಧಿ ಹೇಳುತ್ತಾಳೆ. ಅದೇ ಉಸಿರಿನಲ್ಲಿ, ಚಿಕ್ಕವಳಿದ್ದಾಗ ತಾನೂ ಇವನ್ನೆಲ್ಲ ಕದ್ದು ಓದಿದ್ದೆ, ಹಿರಿಯರು ಹೊಡೆದು ಬೈದು ಪುಸ್ತಕ ಸುಟ್ಟ ಮೇಲೆ ಬಿಟ್ಟೆ ಅಂತಲೂ ಒಪ್ಪಿಕೊಳ್ಳುತ್ತಾಳೆ. ಮೊದಲು ಪು ಸೋಂಗ್‌ಲಿಂಗ್‌ನ ನಾಲ್ಕಾರು ದೆವ್ವದ ಕಥೆ ಓದಿಸಿ, ಆಮೇಲೆ ಲೂ ಶುನ್, ಬೇಸಿಗೆ ರಜೆಯಲ್ಲಿ ಕೆಂಪು ಮಹಲು. 'ಜಿನ್ ಪಿಂಗ್ ಮೆಯ್' ಅಂತ ಇನ್ನೊಂದು ಹೆಸರು ಅವಳ ಕಿವಿಗೆ ಬಿದ್ದರೆ, ಅದು ದೊಡ್ಡವರ ಪುಸ್ತಕ, ಇನ್ನೊಂದೈದು ವರ್ಷ ಮೇಲಿನ ಕಪಾಟಿನಲ್ಲೇ ಇರಲಿ. ಕುರ್ಚಿ ಹಾಕಿಕೊಂಡು ಇಳಿಸಿ ಓದಿದರೆ ಮಾತ್ರ ನನಗೆ ಪತ್ರ ಬರೆಯಬೇಡಿ.